ಪರೀಕ್ಷಕರ ತೂಕ

ಪರೀಕ್ಷಕರ ತೂಕ ಎಪ್ಪತ್ತೆರಡು ಕಿಲೋ ಎಂದು ಬರೆದುಕೊಂಡು ಫೋನಿಟ್ಟ ಮೇಲೆ, ಬರೆದದ್ದನ್ನು ಮತ್ತೊಮ್ಮೆ ನೋಡುವುದಕ್ಕೆ ಅವಳಿಗೆ ಮನಸ್ಸಾಗಲಿಲ್ಲ. ಬೆಳಗಿನ ಏಳೂ ಇಪ್ಪತ್ತು. ಅವರು ಹೇಳಿದ್ದು ಮೂರೇ ಸಂಗತಿ. ನಾಳೆ ಎಂಟಕ್ಕೆ ಸರಿಯಾಗಿ ವಿಮಾನದ ಹತ್ತಿರ ಇರಬೇಕು. ಇಲ್ಲಿಂದ ಕಣಿವೆಯ ಊರಿಗೆ, ಅಲ್ಲಿಂದ ಕಡಲತಡಿಯ ದೀಪಸ್ತಂಭಕ್ಕೆ, ಅಲ್ಲಿಂದ ವಾಪಸು, ಹೀಗೆ ಮೂರು ಮೂಲೆಯ ದಾರಿಯನ್ನು ಲೆಕ್ಕ ಹಾಕಿ ತಂದಿರಬೇಕು. ಮತ್ತು ತಮ್ಮ ತೂಕ ಎಪ್ಪತ್ತೆರಡು. ಮೂರನೆಯದನ್ನು ಹೇಳುವಾಗ ಅವರ ದನಿ ಎಳ್ಳಷ್ಟೂ ಅಳುಕಲಿಲ್ಲ. ಕಣಿವೆಯ ಊರನ್ನು ಹೇಳಿದ ದನಿಯಲ್ಲೇ ಹೇಳಿದರು. ವಾಣಿಜ್ಯ ಪೈಲಟ್ ಪರವಾನಗಿಯ ಪರೀಕ್ಷೆಯಲ್ಲಿ ಉಳಿದೆಲ್ಲ ಭಾಗಗಳೂ ಮುಗಿದು, ದಾರಿ ಹಿಡಿದು ಹಾರುವ ಭಾಗವೊಂದೇ ಅವಳಿಗೆ ಬಾಕಿ ಇತ್ತು. ಐದು ತಿಂಗಳ ಹಿಂದೆ ಇದೇ ಭಾಗಕ್ಕೆ ಇದೇ ಪರೀಕ್ಷಕರ ಪಕ್ಕ ಎರಡು ಸೀಟಿನ ವಿಮಾನದಲ್ಲಿ ಕೂತಿದ್ದಳು. ಕೂತಿದ್ದಳು ಎನ್ನುವುದಕ್ಕಿಂತ, ಅವರು ಕೂತು ಉಳಿದ ಜಾಗದಲ್ಲಿ ಸೇರಿಕೊಂಡಿದ್ದಳು. ಅವರ ಕಡೆಯ ಬಾಗಿಲನ್ನು ಹೊರಗಿನಿಂದ ಇಬ್ಬರು ಮೆಕ್ಯಾನಿಕ್‌ಗಳು ಭುಜ ಕೊಟ್ಟು ಒತ್ತಿ ಹಾಕಿದ್ದರು. ಹಾರಾಟದುದ್ದಕ್ಕೂ ಅವರ ಎಡತೋಳು ಅವಳ ಬಲತೋಳಿನ ಮೇಲೆ, ಬೆಚ್ಚಗೆ, ನಿದ್ದೆ ಹೋದ ಕೂಸಿನ ಹಾಗೆ ಬಿದ್ದುಕೊಂಡಿತ್ತು. ಎಂಜಿನ್ನಿನ ವೇಗದ ಹಿಡಿ ಥ್ರಾಟಲನ್ನು ಮುಟ್ಟಬೇಕಾದಾಗಲೆಲ್ಲ ಅದಕ್ಕೆ ಎಚ್ಚರವಾಗಬಾರದೆಂಬಂತೆ ಅವಳು ತನ್ನ ಕೈಯನ್ನು ಮೆಲ್ಲಗೆ ಜಾರಿಸಿಕೊಳ್ಳುತ್ತಿದ್ದಳು. ಅಂಥ ತೋಳು ಎಪ್ಪತ್ತೆರಡು ಕಿಲೋದ ಮನುಷ್ಯನಿಗೆ ಇರುವುದಿಲ್ಲ.

ಹೇಳಿದ್ದನ್ನು ಹೇಳಿದ ಹಾಗೆ ಬರೆಯುವುದು ಅವಳಿಗೆ ಹೊಸತಾಗಿರಲಿಲ್ಲ. ಒಂಬತ್ತು ವರ್ಷ ನ್ಯಾಯಾಲಯದಲ್ಲಿ ಬೆರಳಚ್ಚುಗಾರ್ತಿಯಾಗಿದ್ದಳು. ಬೆರಳಿಗೆ ಅಭಿಪ್ರಾಯ ಇರಬಾರದು ಎಂದು ಹಿರಿಯ ಗುಮಾಸ್ತರು ಮೊದಲ ದಿನವೇ ಹೇಳಿಕೊಟ್ಟಿದ್ದರು. ಒಬ್ಬ ಸಾಕ್ಷಿ ತನ್ನ ಅಡುಗೆಮನೆಯ ಕಿಟಕಿಯಿಂದ ಎರಡು ಬೀದಿ ಆಚೆಯ ಹೊಡೆದಾಟವನ್ನು ಕಣ್ಣಾರೆ ಕಂಡೆ ಎಂದಿದ್ದ. ನಡುವೆ ಐದು ಮಹಡಿಯ ಕಟ್ಟಡವಿತ್ತು. ಅದೇ ಕಟ್ಟಡದಲ್ಲಿ ಅವರೆಲ್ಲ ಆಗ ಕೂತಿದ್ದರು. ನ್ಯಾಯಾಧೀಶರು ಕಿಟಕಿಯ ಕಡೆ ಒಮ್ಮೆ ನೋಡಿ, ಅವಳ ಕಡೆ ನೋಡಿ, ಬರ್ಕೊಳ್ಳಮ್ಮ ಎಂದರು. ಕಣ್ಣಾರೆ ಕಂಡೆ ಎಂದು ಬೆರಳಚ್ಚಾಯಿತು. ಓದಿ ಹೇಳಿದಾಗ ಸಾಕ್ಷಿ ತೃಪ್ತಿಯಿಂದ ತಲೆಯಾಡಿಸಿ ಸಹಿ ಹಾಕಿದ. ಆವತ್ತು ಅವಳನ್ನು ಕಾಡಿದ್ದು ಅವನ ಸುಳ್ಳಲ್ಲ. ಆ ಸುಳ್ಳು ತನ್ನ ಬೆರಳಿನಿಂದ ಎಷ್ಟು ಸಲೀಸಾಗಿ, ಒಂದು ಅಕ್ಷರವೂ ತಪ್ಪದೆ ಇಳಿದುಹೋಯಿತಲ್ಲ ಎನ್ನುವುದು.

ಊಟದ ಮೇಜಿನ ಮೇಲೆ ನಕ್ಷೆ ಹಾಸಿತ್ತು. ಅದು ಸುರುಳಿಯಾಗದಿರಲೆಂದು ಗಂಡ ನಾಲ್ಕು ಮೂಲೆಗೂ ಪ್ಲಾಸ್ಟರಿನ ನಾಲ್ಕು ದವಡೆಗಳನ್ನಿಟ್ಟಿದ್ದ. ಅವನು ಹಲ್ಲಿನ ಸೆಟ್ ಮಾಡುವವನು. ದಂತವೈದ್ಯರು ಕಳಿಸಿದ ಅಚ್ಚುಗಳಿಗೆ ಮನೆಯಲ್ಲೇ, ಕಿಟಕಿಯ ಪಕ್ಕದ ಬೆಂಚಿನ ಮೇಲೆ, ಬೆಳಗಿನಿಂದ ಸಂಜೆಯವರೆಗೆ ಹಲ್ಲು ಕೂರಿಸುತ್ತಾನೆ. ಹೆಚ್ಚು ಮಾತಾಡುವವನಲ್ಲ. ಬಾಯಲ್ಲಿ ಕೂರದ ಹಲ್ಲು ಎಷ್ಟು ಚೆಂದವಿದ್ದರೂ ಪ್ರಯೋಜನವಿಲ್ಲ ಎಂಬಂಥ ಮಾತನ್ನು ಹಲ್ಲಿನ ಬಗ್ಗೆ ಮಾತ್ರ ಆಡುತ್ತಾನೆ. ಈಶಾನ್ಯದ ಮೂಲೆಯಲ್ಲಿದ್ದ ದವಡೆ ಒಂದು ಕೆರೆಯನ್ನು ಕಚ್ಚಿಕೊಂಡಿತ್ತು. ಅದನ್ನು ಸರಿಸಿ, ಅಳತೆಪಟ್ಟಿ ಇಟ್ಟು, ಮೊದಲ ಗೆರೆ ಎಳೆಯಬೇಕೆಂದು ಪೆನ್ಸಿಲ್ ತೆಗೆದುಕೊಂಡರೆ ಕೈ ಮುಂದಕ್ಕೆ ಹೋಗಲಿಲ್ಲ. ಈ ವಿದ್ಯೆ ಕೇಳುವುದಕ್ಕೆ ಸುಲಭ. ನಕ್ಷೆಯ ಮೇಲೆ ಗೆರೆ ಎಳೆಯಬೇಕು, ಗೆರೆಯ ದಿಕ್ಕನ್ನು ಅಳೆಯಬೇಕು, ಗಾಳಿ ಎತ್ತ ತಳ್ಳುತ್ತದೋ ಅದರ ವಿರುದ್ಧಕ್ಕೆ ವಿಮಾನದ ಮೂತಿಯನ್ನು ಅಷ್ಟು ತಿರುಗಿಸಬೇಕು, ಎಷ್ಟನೇ ನಿಮಿಷಕ್ಕೆ ಯಾವ ಗುರುತು ಕಾಣಬೇಕೆಂದು ಮೊದಲೇ ಬರೆದಿಟ್ಟುಕೊಂಡು ಆ ನಿಮಿಷಕ್ಕೆ ತಲೆಯೆತ್ತಿ ಹೊರಗೆ ನೋಡಬೇಕು. ಕಂಡರೆ ಸರಿ. ಕಾಣದಿದ್ದರೆ ಏನು ಮಾಡಬೇಕೆಂದೂ ಪುಸ್ತಕದಲ್ಲಿ ಬರೆದಿದೆ. ಕಳೆದ ಸಲ ಅರ್ಧ ದಾರಿಯಲ್ಲಿ ಪರೀಕ್ಷಕರು, ಈ ದಾರಿ ಬಿಟ್ಟು ಸಂತೆಯ ಊರಿಗೆ ಕರೆದುಕೊಂಡು ಹೋಗಿ ಎಂದಿದ್ದರು. ಅವಳು ಅಳತೆಪಟ್ಟಿಯ ತಪ್ಪು ಬದಿಯಿಂದ ಅಳೆದು, ಹದಿನಾಲ್ಕು ನಿಮಿಷ ಸರ್ ಎಂದಳು. ಹದಿನಾಲ್ಕನೇ ನಿಮಿಷಕ್ಕೆ ಕೆಳಗೆ ಕುರುಚಲು ಗಿಡ, ಬೂದುಬಣ್ಣದ ಒಂದು ಸಿಮೆಂಟ್ ಕಾರ್ಖಾನೆ. ಊರೆಲ್ಲಿ ಎಂದು ಕೇಳಿದರು. ಇದೇ ಸರ್ ಊರು ಎಂದಿತು ಅವಳ ದನಿ, ಬೆರಳಚ್ಚಿನಷ್ಟು ಸ್ಪಷ್ಟವಾಗಿ. ರೈಲ್ವೆ ಸ್ಟೇಷನ್ ಎಲ್ಲಿ? ಲಾರಿಗಳು ನಿಂತಿದ್ದ ಅಂಗಳ ತೋರಿಸಿದಳು. ಆಸ್ಪತ್ರೆ? ಚಿಮಣಿಯ ಪಕ್ಕದ ತಗಡಿನ ಶೆಡ್ಡು. ಶಾಲೆ ಇರಬೇಕಲ್ಲ? ಇತ್ತು, ಮೂಟೆ ಪೇರಿಸಿದ್ದ ಕಡೆ ಶಾಲೆಯೂ ಇತ್ತು. ಅವರು ಒಂದೊಂದೇ ಕೇಳುತ್ತ ಹೋದರು, ಅವಳು ಒಂದೊಂದೇ ಕಟ್ಟುತ್ತ ಹೋದಳು. ಕೊನೆಗೆ ಅವರು ಪೆನ್ನಿಗೆ ಟೋಪಿ ಹಾಕಿ, "ನಿಮ್ಮ ಊರು ಚೆನ್ನಾಗಿದೆ. ಇನ್ನು ವಾಪಸ್ ಹೋಗೋಣ" ಎಂದರು. ತರಬೇತಿ ಶಾಲೆಯ ಇಪ್ಪತ್ತು ವರ್ಷದ ಹುಡುಗರು ಮೂವತ್ತಾರು ದಾಟಿದ ಅವಳನ್ನು ಆವತ್ತಿನಿಂದ ಸಿಮೆಂಟ್ ಅಕ್ಕ ಎಂದೇ ಕರೆಯುತ್ತಾರೆ. ಬೇಕೆಂದು ಅಲ್ಲ, ಪಾಪ, ಅವರಿಗೆ ಈಗ ಅದು ಅವಳ ಹೆಸರೇ ಆಗಿಬಿಟ್ಟಿದೆ.

"ಫೋನು ಅವರದೇನಮ್ಮ?" ಎಂದು ಅತ್ತೆ ಒಳಕೋಣೆಯಿಂದ ಕೇಳಿದರು. "ದನಿ ಹೇಗಿತ್ತು? ಸುಸ್ತು ಗಿಸ್ತು ಇತ್ತಾ?"

ಇಲ್ಲ ಅತ್ತೆ, ಚೆನ್ನಾಗಿಯೇ ಇತ್ತು ಎಂದಳು. ನಪಾಸಾಗಿ ಬಂದ ಆ ಸಂಜೆ ಮನೆಯಲ್ಲಿ ಅತ್ತೆ ಬಾಗಿಲಲ್ಲೇ ನಿಂತಿದ್ದರು. ಅವರ ಮುಖ ನೋಡಿದ್ದೇ ತಡ, ಪರೀಕ್ಷಕರಿಗೆ ನಡುದಾರಿಯಲ್ಲಿ ಹುಷಾರು ತಪ್ಪಿ ಪರೀಕ್ಷೆ ನಿಂತುಹೋಯಿತು ಎಂದು ಬಾಯಿಗೆ ಬಂದಿತ್ತು. ಒಂದು ವಾರದ ಜ್ವರ ಎಂದರೆ ಮುಗಿದುಹೋಗುತ್ತಿತ್ತು. ಆದರೆ ಅತ್ತೆ ಮಾರನೇ ದಿನವೂ ಕೇಳಿದರು, ಅದರ ಮಾರನೇ ವಾರವೂ ಕೇಳಿದರು, ಪರೀಕ್ಷೆ ಮಾತ್ರ ಮತ್ತೆ ಬರಲೊಲ್ಲದು. ಹಾಗಾಗಿ ಜ್ವರ ಕಾಮಾಲೆಗೆ ತಿರುಗಬೇಕಾಯಿತು. ಕಾಮಾಲೆ ಎರಡು ತಿಂಗಳು ನಡೆಯಿತು. ಆಮೇಲೆ ಅವರನ್ನು ನಿಧಾನಕ್ಕೆ ಎಬ್ಬಿಸಿ ಕೂರಿಸಿ, ಗೋಡೆ ಹಿಡಿದು ನಡೆಸಿ, ಈಚೆಗಷ್ಟೇ ಕೆಲಸಕ್ಕೆ ಕಳಿಸಿದ್ದಳು. ಅತ್ತೆ ಆ ಮನುಷ್ಯನ ಪಥ್ಯದ ವಿಚಾರದಲ್ಲಿ ತಮ್ಮ ಸಕ್ಕರೆ ಕಾಯಿಲೆಗಿಂತ ಹೆಚ್ಚು ಕಾಳಜಿ ವಹಿಸಿದ್ದರು. ಎಣ್ಣೆ ಪದಾರ್ಥ ಬೇಡವೇ ಬೇಡ ಅಂತ ಹೇಳು ಎಂದು ಎಷ್ಟೋ ಸಲ ಹೇಳಿಕಳಿಸಿದ್ದರು. ಹೇಳುತ್ತೇನೆ ಎಂದು ಅವಳು ಪ್ರತಿ ಸಲವೂ ಹೇಳಿದ್ದಳು.

ಹತ್ತು ಗಂಟೆಗೆ ಬಸ್ಸು ಹಿಡಿದು ತರಬೇತಿ ಶಾಲೆಗೆ ಹೋದಳು. ನಾಳೆಯ ಗಾಳಿಯ ವರದಿ ಬೇಕಿತ್ತು, ತೂಕದ ಹಾಳೆ ಬೇಕಿತ್ತು. ತೂಕದ ಹಾಳೆ ಎಂದರೆ ವಿಮಾನ ಏಳುವ ಮೊದಲು ಯಾರು ಎಷ್ಟು, ಸಾಮಾನೆಷ್ಟು, ಇಂಧನವೆಷ್ಟು ಎಂದು ಕೂಡಿಸಿ, ಮಿತಿ ಮೀರಿಲ್ಲವೆಂದು ಬರೆದು ಸಹಿ ಹಾಕುವ ಹಾಳೆ. ಬಸ್ಸಿನಲ್ಲೇ ಮನಸ್ಸಿನಲ್ಲಿ ಲೆಕ್ಕ ಹಾಕಿದ್ದಳು. ತಾನು ಐವತ್ತೆಂಟು, ಚೀಲ ನಾಲ್ಕು, ತುಂಬಿದ ಟ್ಯಾಂಕು ಎಪ್ಪತ್ತು. ಪಕ್ಕದ ಸೀಟಿಗೆ ಉಳಿಯುವುದು ನೂರೈದು. ಎಪ್ಪತ್ತೆರಡು ಕಿಲೋದವರು ಕೂತರೆ ಮೂವತ್ತಮೂರು ಕಿಲೋ ಮಿಕ್ಕು, ಇಡೀ ದಾರಿಯನ್ನು ಒಂದೇ ಉಸಿರಿಗೆ ಹಾರಿ ಬರಬಹುದು. ತನ್ನ ಅಂದಾಜಿನಂತೆ ನೂರಹತ್ತರವರು ಕೂತರೆ ಇಂಧನ ಇಳಿಸಬೇಕು. ಇಂಧನ ಇಳಿಸಿದರೆ ಈ ದಾರಿಗೆ ಸಾಲದು, ನಡುವೆ ಎಲ್ಲಾದರೂ ಇಳಿದು ತುಂಬಿಸಿಕೊಳ್ಳಬೇಕು. ಆಗ ಗೆರೆಗಳೇ ಬೇರೆ, ದಿಕ್ಕುಗಳೇ ಬೇರೆ, ನಿಮಿಷಗಳೇ ಬೇರೆ. ಎದುರು ಸೀಟಿನ ಹೆಂಗಸು ಅರವತ್ತೈದು ಇರಬಹುದು. ಕಂಬಿ ಹಿಡಿದು ನಿಂತವನು ಎಂಬತ್ತು, ಕೈಯಲ್ಲಿದ್ದ ಮಿಕ್ಸಿಯ ಡಬ್ಬ ಸೇರಿ ಎಂಬತ್ತಾರು. ಇಷ್ಟು ಜನ ಇಷ್ಟು ಭಾರವನ್ನು ಹೊತ್ತುಕೊಂಡು, ಯಾರಿಗೂ ಲೆಕ್ಕ ಕೊಡದೆ, ಎಷ್ಟು ನೆಮ್ಮದಿಯಿಂದ ಕಿಟಕಿಯಾಚೆ ನೋಡುತ್ತಿದ್ದಾರಲ್ಲ ಎಂದು ಅವಳಿಗೆ ಹೊಟ್ಟೆಕಿಚ್ಚಾಯಿತು.

ಕಚೇರಿಯಲ್ಲಿ ಗುಮಾಸ್ತೆ ಕನ್ನಡಕದ ಮೇಲಿಂದ ನೋಡಿ ಹಾಳೆ ಕೊಟ್ಟಳು. ಅಭ್ಯರ್ಥಿಯ ತೂಕ ಎಂಬಲ್ಲಿ ಖಾಲಿ ಗೆರೆ. ಪರೀಕ್ಷಕರ ತೂಕ ಎಂಬಲ್ಲಿ 72 ಎಂದು ಅಚ್ಚಾಗಿಯೇ ಬಂದಿತ್ತು. ಇದನ್ನು ಯಾರು ತುಂಬಿದ್ದು ಎಂದು ಅವಳು ಕೇಳಿದಳು.

"ತುಂಬಿದ್ದಲ್ಲ ಮೇಡಂ, ಪ್ರೆಸ್ಸಿಂದಲೇ ಹಾಗೆ ಬಂದಿದೆ. ಪ್ರತಿಯೊಬ್ಬರಿಗೂ ಅವರು ಅದನ್ನೇ ಹೇಳ್ತಿದ್ರು, ಸುಮ್ಮನೆ ಯಾಕೆ ಬರೀಬೇಕು ಅಂತ ಹಾಕಿಸಿಬಿಟ್ವಿ. ಇನ್ನೂ ನಾನೂರು ಹಾಳೆ ಇದೆ."

ತೂಕ ಬದಲಾದರೆ ಎಂದು ಅವಳು ಕೇಳಿದ್ದಕ್ಕೆ ಗುಮಾಸ್ತೆ, ನಾನೂರು ಹಾಳೆ ಮುಗಿದ ಮೇಲೆ ನೋಡೋಣ ಎಂದಳು. ತಮಾಷೆಗೆ ಹೇಳಿದ್ದಲ್ಲ. ಹಾಳೆಗಳ ಕಟ್ಟಿನ ಮೇಲೆ ಅಂಗೈಯಿಟ್ಟು, ಅವು ಹಾರಿಹೋಗಬಹುದೆಂಬಂತೆ ಒತ್ತಿಹಿಡಿದು ಹೇಳಿದಳು.

ಅವಳ ತರಬೇತುದಾರ ಶೆಡ್ಡಿನ ನೆರಳಲ್ಲಿ ನಿಂತು ಬಾಳೆಹಣ್ಣು ತಿನ್ನುತ್ತಿದ್ದ. ಅವಳಿಗಿಂತ ಎಂಟು ವರ್ಷ ಚಿಕ್ಕವನು, ಆದರೂ ಅವಳ ಬಗ್ಗೆ ಹಿರಿಯನಂತೆ ಮರುಗುತ್ತಿದ್ದ. ಅವಳು ತೂಕದ ಮಾತೆತ್ತಿದ್ದಕ್ಕೆ ಸುತ್ತ ನೋಡಿ ದನಿ ತಗ್ಗಿಸಿದ. ಹದಿನಾಲ್ಕು ವರ್ಷದಿಂದ ಎಲ್ಲರೂ ಎಪ್ಪತ್ತೆರಡು ಎಂದೇ ಬರೆದು ಹಾರಿದ್ದಾರೆ, ತಾನೂ ಬರೆದಿದ್ದೇನೆ, ವಿಮಾನಕ್ಕೆ ಓದಲು ಬರುವುದಿಲ್ಲ, ಹಾಳೆಯ ಮೇಲೆ ಏನಿದ್ದರೂ ಅದು ಏಳುತ್ತದೆ ಎಂದ. ಮತ್ತೆ, ವಿಷಯ ಅಷ್ಟೇ ಅಲ್ಲ ಎಂದ. ಪರೀಕ್ಷಕರ ವೈದ್ಯಕೀಯ ಕಡತದಲ್ಲೂ ಎಪ್ಪತ್ತೆರಡು ಎಂದೇ ಇದೆಯಂತೆ. ಯಾವನೋ ಹಳೆಯ ಸ್ನೇಹಿತ ಡಾಕ್ಟರು ವರ್ಷ ವರ್ಷ ಹಾಗೇ ಎತ್ತಿ ಬರೆಯುತ್ತಾನೆ. ಬೇರೆ ಅಂಕಿ ಎಲ್ಲಾದರೂ ಕಾಗದದ ಮೇಲೆ ಬಂದರೆ ಅವರನ್ನು ಕರೆಸುತ್ತಾರೆ, ಹೃದಯ ನೋಡುತ್ತಾರೆ, ರಕ್ತ ನೋಡುತ್ತಾರೆ, ಹಾರದಂತೆ ನೆಲಕ್ಕೆ ಕೂರಿಸುತ್ತಾರೆ. ನಿವೃತ್ತಿಗೆ ಇನ್ನು ಎರಡೇ ವರ್ಷ.

"ಸುಮ್ಮನೆ ಅವರ ಹೊಟ್ಟೆ ಮೇಲೆ ಯಾಕೆ ಹೊಡೀತೀರಿ?" ಎಂದ. ಅಂದ ಮೇಲೆ ತಾನು ಏನಂದೆನೆಂದು ಹೊಳೆದು, ಬಾಳೆಹಣ್ಣಿನ ಸಿಪ್ಪೆಯನ್ನು ಬಹಳ ಗಮನವಿಟ್ಟು ಮಡಚತೊಡಗಿದ. ಅವಳೂ ಬೇರೆ ಕಡೆ ನೋಡಿದಳು. "ನಿಮ್ಮ ಥಿಯರಿ ಪೇಪರುಗಳ ಅವಧಿ ಇನ್ನು ಹತ್ತೊಂಬತ್ತು ದಿನ ಅಷ್ಟೇ. ನಾಳೆ ಹೋಯ್ತು ಅಂದ್ರೆ ಮೊದಲಿಂದ ಎಲ್ಲಾ ಬರೀಬೇಕು. ಅದನ್ನ ಯೋಚ್ನೆ ಮಾಡಿ."

ಅದನ್ನೇ ಯೋಚನೆ ಮಾಡುತ್ತ ಮನೆಗೆ ಬಂದಳು. ಗೆರೆ ಎಳೆಯದೆ ಗತಿಯಿರಲಿಲ್ಲ. ಕೊನೆಗೆ ಎರಡು ದಾರಿಯನ್ನೂ ಸಿದ್ಧಪಡಿಸುವುದೆಂದು ತೀರ್ಮಾನಿಸಿ, ಎಪ್ಪತ್ತೆರಡು ಕಿಲೋದ ಪರೀಕ್ಷಕರಿಗೆ ನೀಲಿ ಪೆನ್ಸಿಲು, ನೂರಹತ್ತು ಕಿಲೋದ ಪರೀಕ್ಷಕರಿಗೆ ಕೆಂಪು ಪೆನ್ಸಿಲು ತೆಗೆದುಕೊಂಡಳು. ನೀಲಿ ಗೆರೆಗಳು ಮೂರು ಮೂಲೆಯಾಗಿ, ಪುಸ್ತಕದಲ್ಲಿ ಅಚ್ಚಾದಂತೆ ಅಂದವಾಗಿ ಬಿದ್ದವು. ಕೆಂಪು ಗೆರೆ ಕಣಿವೆಯ ಊರಿನ ಹುಲ್ಲಿನ ಓಡುದಾರಿಗೆ ಇಳಿದು, ಇಂಧನ ತುಂಬಿಸಿಕೊಂಡು, ಮತ್ತೆ ಏಳಬೇಕಿತ್ತು; ಅದಕ್ಕೆ ಬೇರೆ ಕಾಗದ, ಬೇರೆ ಗಂಟೆ, ಅಲ್ಲಿನ ಪಂಪಿನವನಿಗೆ ಒಂದು ಫೋನು. ಎರಡು ಗಂಟೆಯ ಹೊತ್ತಿಗೆ ಅವಳಿಗೆ ಇಬ್ಬರು ಪರೀಕ್ಷಕರೂ ಮೇಜಿನ ಆಚೀಚೆ ಕೂತಿರುವಂತೆ ಅನಿಸಹತ್ತಿತು. ಒಬ್ಬರು ತೆಳ್ಳಗೆ, ಅಚ್ಚುಕಟ್ಟಾಗಿ, ಕಾಮಾಲೆಯಿಂದ ಎದ್ದವರು. ಇನ್ನೊಬ್ಬರು ದಪ್ಪ, ಬೆಚ್ಚಗಿನ ತೋಳಿನವರು, ಅವಳ ಊರು ಚೆನ್ನಾಗಿದೆ ಎಂದವರು. ಮೊದಲನೆಯವರನ್ನು ಹುಟ್ಟಿಸಿದ್ದು ತಾನೇ ಅಲ್ಲವೆ? ಅವರು ಫೋನಿನಲ್ಲಿ ಒಂದು ಸುಳ್ಳು ಹೇಳಿದರು ಎಂದು ಬೆಳಗಿನಿಂದ ಕುದಿಯುತ್ತಿದ್ದೇನೆ, ತಾನು ಅವರನ್ನು ಐದು ತಿಂಗಳು ಹಾಸಿಗೆಯಲ್ಲಿ ಮಲಗಿಸಿದ್ದೇನೆ.

ಅತ್ತೆ ಬಂದು ಎದುರಿಗೆ ಕೂತರು. ದವಡೆಯೊಂದನ್ನು ಎತ್ತಿ ನೋಡಿ, ಇದು ಹೆಂಗಸಿನದು ಎಂದು ಮತ್ತೆ ಇಟ್ಟರು. ಏನು ಇಷ್ಟೊಂದು ತಲೆಕೆಡಿಸಿಕೊಂಡಿದ್ದೀಯ ಎಂದು ಕೇಳಿದರು. ಪರೀಕ್ಷಕರ ತೂಕ ಸರಿಯಾಗಿ ಗೊತ್ತಾಗುತ್ತಿಲ್ಲ ಎಂದಳು. ಅವರು ಎಷ್ಟಂತಾರೆ? ಎಪ್ಪತ್ತೆರಡು. ನಿನಗೇನನಿಸುತ್ತೆ? ನೂರರ ಮೇಲೆ.

"ಛೆ, ಇರಲಾರದು. ಕಾಮಾಲೆ ಆದವರು ಅರ್ಧ ಇಳಿದುಹೋಗ್ತಾರೆ ಕಣಮ್ಮ. ನೀನು ನೋಡಿದ್ದು ಮುಂಚೆ. ಈಗ ಎಪ್ಪತ್ತೆರಡಕ್ಕೆ ಬಂದಿರ್ತಾರೆ, ಪಾಪ."

ಕಿಟಕಿಯ ಬದಿಯಲ್ಲಿ ಗಂಡನ ಸಣ್ಣ ಯಂತ್ರ ಹಲ್ಲನ್ನು ಉಜ್ಜುವ ಸದ್ದು ನಿಂತಿತು. ಅವಳು ಕೆಂಪು ಪೆನ್ಸಿಲನ್ನು ಕೆಳಗಿಟ್ಟಳು. ಇಷ್ಟು ದಿನ ಈ ಮಾತನ್ನು ಹೇಗೆ ಎತ್ತುವುದೆಂದು ಎಷ್ಟೆಲ್ಲ ಪೀಠಿಕೆಗಳನ್ನು ಹೊಂದಿಸಿಕೊಂಡಿದ್ದಳೋ ಒಂದೂ ನೆನಪಾಗಲಿಲ್ಲ.

"ಅವರಿಗೆ ಕಾಮಾಲೆ ಆಗಿರಲಿಲ್ಲ ಅತ್ತೆ. ಏನೂ ಆಗಿರಲಿಲ್ಲ. ನಾನು ಫೇಲಾಗಿದ್ದೆ."

ಅವಳು ಬೈಗುಳಕ್ಕೆ ಸಿದ್ಧಳಾಗಿದ್ದಳು. ಸಮಾಧಾನಕ್ಕೂ ಸಿದ್ಧಳಾಗಿದ್ದಳು, ಅದು ಇನ್ನೂ ಕಷ್ಟ ಎಂದು ಹಲ್ಲು ಕಚ್ಚಿಕೊಂಡಿದ್ದಳು. ಎರಡೂ ಬರಲಿಲ್ಲ.

"ಹಾಗಾದ್ರೆ ಐದು ತಿಂಗಳು ನಾನು ಯಾರ ಬಗ್ಗೆ ಯೋಚ್ನೆ ಮಾಡ್ತಿದ್ದೆ?" ಎಂದರು ಅತ್ತೆ. ಕೋಪದಿಂದಲ್ಲ, ನಿಜಕ್ಕೂ ಗೊತ್ತಾಗಬೇಕಿದ್ದವರ ಹಾಗೆ ಕೇಳಿದರು. ಇದ್ದಕ್ಕಿದ್ದಂತೆ ಯಾರೋ ಮನೆಯವರೇ ತೀರಿಕೊಂಡ ಹಾಗೆ ಕೋಣೆ ಖಾಲಿಯಾಯಿತು. ಪಥ್ಯ ಮಾಡಿ, ಗೋಡೆ ಹಿಡಿದು ನಡೆದು, ಅಷ್ಟು ಕಷ್ಟಪಟ್ಟು ಚೇತರಿಸಿಕೊಂಡ ಒಬ್ಬ ಒಳ್ಳೆಯ ಮನುಷ್ಯ ಆ ಮಧ್ಯಾಹ್ನ ಇಲ್ಲವಾದ. ಗಂಡ ಎದ್ದು ಬಂದು, ಕೈಗೆ ಅಂಟಿದ ಪ್ಲಾಸ್ಟರಿನ ಪುಡಿ ಒರೆಸಿಕೊಂಡು, ತನ್ನ ಬೆಂಚಿನ ಕೆಳಗಿನ ಡ್ರಾಯರಿನಿಂದ ಒಂದು ಲಕೋಟೆ ತೆಗೆದು ಮೇಜಿನ ಮೇಲಿಟ್ಟ. ತರಬೇತಿ ಶಾಲೆಯ ಮೊಹರು. ಅನುತ್ತೀರ್ಣ ಎಂಬ ಕಾಗದ, ಅಂಚೆಯಲ್ಲಿ ಬಂದು ನಾಲ್ಕೂವರೆ ತಿಂಗಳಾಗಿತ್ತು. ಅಂದರೆ ಅವನಿಗೆ ಗೊತ್ತಿತ್ತು. ಗೊತ್ತಿದ್ದೂ ಊಟಕ್ಕೆ ಕೂತಾಗ, ಕಣ್ಣು ಇನ್ನೂ ಹಳದಿ ಇದೆಯಂತಾ ಎಂದು ಅವಳನ್ನು ಕೇಳುತ್ತಿದ್ದ.

"ಯಾಕ್ರೀ ಹೇಳಲಿಲ್ಲ?"

"ನೀನು ಅಷ್ಟು ಚೆನ್ನಾಗಿ ನೋಡ್ಕೋತಿದ್ದೆಯಲ್ಲ ಅವರನ್ನ" ಎಂದು ಹೇಳಿ ಅವನು ಮತ್ತೆ ಬೆಂಚಿಗೆ ಹೋದ. ಅವಮಾನಕ್ಕೆ ಅವಳ ಕಿವಿ ಕಾದವು. ಅದರ ಜೊತೆಗೇ, ಯಾರೋ ಬೆನ್ನಿನ ಮೇಲಿಂದ ಒಂದು ಮೂಟೆ ಇಳಿಸಿದ ಹಾಗೂ ಆಯಿತು. ಎರಡನ್ನೂ ಬೇರೆ ಮಾಡಿ ನೋಡಲು ಬರಲಿಲ್ಲ. ಅತ್ತೆ ಒಳಗೆ ಹೋದರು. ಮುನಿಸಿಕೊಂಡರೆಂದು ತಿಳಿದಳು. ಐದು ನಿಮಿಷಕ್ಕೆ ತಮ್ಮ ತೂಕದ ಮಶೀನನ್ನು ಎದೆಗವುಚಿಕೊಂಡು ಬಂದರು. ಸಕ್ಕರೆ ಕಾಯಿಲೆಯ ಡಾಕ್ಟರು ದಿನಾ ನೋಡಿಕೊಳ್ಳಿ ಎಂದಿದ್ದಕ್ಕೆ ಕೊಂಡ, ಮುಳ್ಳು ತಿರುಗುವ ಮಶೀನು. ಬಟ್ಟೆಗೆಂದು ಎರಡು ಕಿಲೋ ಕಳೆದು ಬರೆದುಕೊಳ್ಳುವುದು ಅವರ ಪದ್ಧತಿ.

"ಕೇಳಿದ್ರೆ ಯಾರೂ ನಿಜ ಹೇಳಲ್ಲ. ನೀನು ಹೇಳಿದೆಯಾ?" ಎಂದರು. "ತಗೊಂಡು ಹೋಗಿ ನಿಲ್ಲಿಸಿ ನೋಡು."

ಮರುದಿನ ಬೆಳಿಗ್ಗೆ ಬಸ್ಸಿನಲ್ಲಿ ಮಶೀನನ್ನು ತೊಡೆಯ ಮೇಲಿಟ್ಟುಕೊಂಡು ಕೂತಳು. ಪ್ರತಿ ತಿರುವಿನಲ್ಲೂ ಅದರ ಮುಳ್ಳು ಅಲ್ಲಾಡಿ, ಅವಳ ಮೊಣಕೈಯನ್ನು ಒಂದೂವರೆ ಕಿಲೋ, ಎರಡು ಕಿಲೋ ಎಂದು ತೂಗುತ್ತಿತ್ತು. ನಿಜವಾಗಿ ಕೇಳುವ ಧೈರ್ಯ ಬರುತ್ತದೆಂದು ಅವಳಿಗೆ ನಂಬಿಕೆಯಿರಲಿಲ್ಲ. ಚೀಲದಲ್ಲಿ ನೀಲಿ ದಾರಿಯೂ ಇತ್ತು, ಕೆಂಪು ದಾರಿಯೂ ಇತ್ತು. ಎಂಟಕ್ಕೆ ಐದು ನಿಮಿಷವಿದ್ದಾಗ ಪರೀಕ್ಷಕರು ಬಂದರು. ಕಂಚಿನ ಗುಂಡಿಯ ಅಂಗಿ, ಕಂಕುಳಲ್ಲಿ ಕಡತ, ಬಿಸಿಲಿಗೆ ಆಗಲೇ ಒದ್ದೆಯಾದ ಕತ್ತು. ಐದು ತಿಂಗಳಲ್ಲಿ ಇನ್ನಷ್ಟು ದಪ್ಪವಾಗಿದ್ದರು. ಅವಳನ್ನು ಕಂಡು, "ಇವತ್ತು ಯಾವ ಊರು ಕಟ್ತೀರಿ?" ಎಂದರು. ಮೆಕ್ಯಾನಿಕ್‌ಗಳಿಬ್ಬರೂ ನಕ್ಕರು. ಆ ನಗು ಇಲ್ಲದಿದ್ದರೆ ನೀಲಿ ಕಾಗದವನ್ನೇ ತೆಗೆದುಬಿಡುತ್ತಿದ್ದಳೋ ಏನೋ. ಚೀಲಕ್ಕೆ ಕೈಹಾಕಿ ಮಶೀನನ್ನು ತೆಗೆದು, ಶೆಡ್ಡಿನ ನೆಲ ಸಮವಾಗಿದ್ದ ಕಡೆ ಇಟ್ಟಳು.

"ಸರ್, ಒಂದು ನಿಮಿಷ ಇದರ ಮೇಲೆ ನಿಲ್ಲಬೇಕು."

ಮೆಕ್ಯಾನಿಕ್‌ಗಳ ನಗು ಎಲ್ಲಿತ್ತೋ ಅಲ್ಲೇ ನಿಂತಿತು. ಪರೀಕ್ಷಕರು ಮಶೀನನ್ನು, ಅದೇನೋ ನೆಲದಿಂದ ಎದ್ದುಬಂದ ಪ್ರಾಣಿಯೆಂಬಂತೆ ನೋಡಿದರು. ಹೇಳಿದ್ದೆನಲ್ಲ ಎಂದರು. ಹೇಳಿದಿರಿ, ಹೇಳಿದ ಹಾಗೇ ಬರೆದುಕೊಂಡಿದ್ದೇನೆ ಎಂದಳು. ತನ್ನ ದನಿ ನಡುಗುತ್ತಿದೆ ಎಂಬುದು ಅವಳಿಗೆ ವಿಚಿತ್ರ ಸಮಾಧಾನ ಕೊಟ್ಟಿತು. ಸುಳ್ಳು ಹೇಳುವಾಗ ಒಂದು ದಿನವೂ ನಡುಗಿರಲಿಲ್ಲ.

"ಆದ್ರೆ ಆ ಲೆಕ್ಕ ಇಟ್ಕೊಂಡು ನಾನು ಹಾರಲ್ಲ ಸರ್."

ಶೆಡ್ಡಿನ ತಗಡು ಬಿಸಿಲಿಗೆ ಟಕ್ ಎಂದು ಸದ್ದು ಮಾಡಿತು. ಅವರು ಹೊರಟುಹೋಗಬಹುದಿತ್ತು, ಅಭ್ಯರ್ಥಿ ಹಾರಲು ನಿರಾಕರಿಸಿದಳು ಎಂದು ಬರೆದರೆ ಅಲ್ಲಿಗೆ ಮುಗಿಯುತ್ತಿತ್ತು. ಬದಲಿಗೆ, ಇದು ಯಾರದು ಎಂದು ಕೇಳಿದರು. ನಮ್ಮತ್ತೇದು ಎಂದಳು. ಸರಿಯಾಗಿ ತೋರಿಸುತ್ತಾ ಎಂದರು. ತೋರಿಸುತ್ತದೆ, ಅವರು ದಿನಾ ನೋಡಿಕೊಳ್ಳುತ್ತಾರೆ ಎಂದಳು. ಅತ್ತೆ ದಿನಾ ನೋಡಿಕೊಳ್ಳುತ್ತಾರೆ ಎಂಬುದು ಅವರಿಗೆ ಯಾಕೋ ನಾಟಿದಂತೆ ಕಂಡಿತು. ಕಡತವನ್ನು ಒಬ್ಬ ಮೆಕ್ಯಾನಿಕ್‌ನ ಕೈಗೆ ಕೊಟ್ಟು, ಇನ್ನೊಬ್ಬನ ಭುಜ ಹಿಡಿದು ಮೇಲೆ ಹತ್ತಿದರು. ಹತ್ತಿ, ಫೋಟೋ ಹೊಡೆಸಿಕೊಳ್ಳುವವರ ಹಾಗೆ ನೆಟ್ಟಗೆ ನಿಂತು, ಎದುರು ಗೋಡೆಯ ಬೆಂಕಿ ಆರಿಸುವ ಸಿಲಿಂಡರಿನ ಮೇಲೆ ದೃಷ್ಟಿಯಿಟ್ಟರು. ಬಗ್ಗಿದರೂ ಅವರಿಗೆ ಆ ಮುಳ್ಳು ಕಾಣುತ್ತಿರಲಿಲ್ಲ. ಅವಳು ಮೊಣಕಾಲೂರಿ ನೋಡಿದಳು.

"ನೋಡಿದ್ರಾ? ನನಗೆ ಹೇಳಬೇಡಿ. ಬರ್ಕೊಳ್ಳಿ" ಎಂದರು.

ಅಚ್ಚಾಗಿದ್ದ 72ರ ಮೇಲೆ ಗೆರೆ ಎಳೆದು ಪಕ್ಕದಲ್ಲಿ ಸರಿಯಾದ ಅಂಕಿ ಬರೆದಳು. ತಿದ್ದಿದ ಕಡೆ ಸಣ್ಣ ಸಹಿ ಬೇಕು ಸರ್ ಎಂದಳು, ನ್ಯಾಯಾಲಯದ ಅಭ್ಯಾಸ. ಅವರು ಅಂಕಿಯ ಮೇಲೆ ಎಡಗೈ ಮುಚ್ಚಿ, ಮುಖ ಬೇರೆ ಕಡೆ ತಿರುಗಿಸಿ, ಅಂದಾಜಿನ ಮೇಲೆ ಸಹಿ ಹಾಕಿದರು. ಅದು ಅರ್ಧ ಹಾಳೆಯ ಮೇಲೆ, ಅರ್ಧ ಅವಳ ಹೆಬ್ಬೆರಳಿನ ಮೇಲೆ ಬಿತ್ತು. ಮೆಕ್ಯಾನಿಕ್‌ಗಳು ಹದಿಮೂರು ಲೀಟರ್ ಇಂಧನವನ್ನು ಡಬ್ಬಕ್ಕೆ ಇಳಿಸಿದರು. ಅವಳು ಕೆಂಪು ದಾರಿಯ ಕಾಗದವನ್ನು ತೊಡೆಯ ಮೇಲೆ ಕಟ್ಟಿಕೊಂಡಳು.

ವಿಮಾನ ಎದ್ದಿತು. ಅವರ ತೋಳು ಹಿಂದಿನಂತೆ ಬಂದು ಅವಳ ತೋಳಿನ ಮೇಲೆ ಮಲಗಿತು. ಇಪ್ಪತ್ತೆರಡನೇ ನಿಮಿಷಕ್ಕೆ ರೈಲಿನ ಸೇತುವೆ ಕಾಣಬೇಕಿತ್ತು. ಕೆಳಗೆ ಮಬ್ಬು, ಮಬ್ಬಿನೊಳಗೆ ತುಂಡು ತುಂಡು ಹೊಲ, ಎಲ್ಲೋ ಒಂದು ತಗಡಿನ ಮಿಂಚು. ಸೇತುವೆ ಕಾಣುತ್ತಿದೆಯೇ ಎಂದು ಅವರು ಕೇಳಿದರು. ಆ ತಗಡಿನ ಮಿಂಚೇ ಸೇತುವೆ ಎನ್ನಲು ಒಂದು ದನಿ ಅವಳ ಗಂಟಲಲ್ಲಿ ಆಗಲೇ ಬಂದು, ಕೂದಲು ಬಾಚಿಕೊಂಡು, ಅಚ್ಚುಕಟ್ಟಾಗಿ ನಿಂತಿತ್ತು.

"ಕಾಣ್ತಿಲ್ಲ ಸರ್."

"ಹಾಗಾದ್ರೆ ಎಲ್ಲಿದ್ದೀರಿ?"

"ಗೊತ್ತಿಲ್ಲ. ಎರಡು ನಿಮಿಷ ಹೀಗೇ ಹೋಗ್ತೀನಿ. ಆಗಲೂ ಕಾಣದಿದ್ರೆ ಎಡಕ್ಕೆ ತಿರುಗಿ ಹೊಳೆ ಹಿಡೀತೀನಿ."

ಅವರು ಏನೋ ಬರೆದುಕೊಂಡರು. ಒಂದೂವರೆ ನಿಮಿಷಕ್ಕೆ ರೆಕ್ಕೆಯ ಅಡಿಯಿಂದ ಸೇತುವೆ ಈಚೆ ಬಂತು, ಅಷ್ಟು ಹೊತ್ತೂ ಅಲ್ಲೇ ಅಡಗಿ ಕೂತಿದ್ದ ಹಾಗೆ. ಅವಳ ಕಣ್ಣು ಒದ್ದೆಯಾದವು. ಕೈ ತೆಗೆದು ಒರೆಸಿಕೊಳ್ಳೋಣವೆಂದರೆ ಆ ಕೈಯ ಮೇಲೆ ಅವರ ತೋಳಿತ್ತು.

ಆ ದಿನ ಅವಳು ಪಾಸಾದಳು. ದೀಪಸ್ತಂಭದ ಮೇಲೆ ಮೂರು ನಿಮಿಷ ತಡವಾಗಿ ಬಂದದ್ದನ್ನು, ಎತ್ತರ ಎರಡು ಸಲ ತಪ್ಪಿದ್ದನ್ನು ಬರೆದೇ ಅವರು ಪಾಸು ಮಾಡಿದರು. ತಿದ್ದಿದ ಹಾಳೆಯನ್ನು ತಾವೇ ಕಚೇರಿಗೆ ಒಯ್ದು ಕೊಟ್ಟರು. ಮರುವಾರ ಅವರನ್ನು ವೈದ್ಯಕೀಯ ಮಂಡಳಿಗೆ ಕರೆಸಿ ಆರು ತಿಂಗಳು ನೆಲಕ್ಕೆ ಕೂರಿಸಿದರೆಂದು, ಅವರ ಜಾಗಕ್ಕೆ ಯಾರೋ ಹೊಸಬರು ಬಂದರೆಂದು, ಎಷ್ಟೋ ದಿನ ಹುಡುಗರು ಅವಳ ಮುಖ ನೋಡಿ ಮಾತಾಡುತ್ತಿರಲಿಲ್ಲ. ಆ ಅಂಕಿ ಬರೆದ ಕೈ ತನ್ನದು ಎಂಬುದನ್ನು ಅವಳು ಯಾರ ಮುಂದೆಯೂ ಅಲ್ಲಗಳೆಯಲಿಲ್ಲ, ತನ್ನ ಮುಂದೆಯೂ. ಆದರೆ ಇದೆಲ್ಲ ಆಮೇಲಿನ ಮಾತು. ಸೇತುವೆ ದಾಟಿ ಕಣಿವೆಯ ಊರಿನ ಹುಲ್ಲಿನ ಮೇಲೆ ಇಳಿದಾಗ ಅಲ್ಲಿ ಯಾರೂ ಇರಲಿಲ್ಲ. ಪಂಪಿಗೆ ಬೀಗ. ಬಾಗಿಲಿಗೆ ಸಿಕ್ಕಿಸಿದ ಚೀಟಿಯಲ್ಲಿ, ಮಗಳ ಶಾಲೆಗೆ ಹೋಗಿದ್ದೇನೆ, ಬೇಗ ಬರುತ್ತೇನೆ ಎಂದಿತ್ತು. ಯಾವಾಗ ಹೋದದ್ದು ಎಂದಿರಲಿಲ್ಲ. ಇಬ್ಬರೂ ಮರದ ಬೆಂಚಿನ ಮೇಲೆ ಕೂತರು. ಬೆಂಚು ಅವರ ಕಡೆ ವಾಲಿತು. ಜಾರದಿರಲೆಂದು ಅವಳು ತನ್ನ ತುದಿಯನ್ನು ಹಿಡಿದುಕೊಂಡಳು. ಗಾಳಿಯ ದಿಕ್ಕು ತೋರಿಸುವ ಬಟ್ಟೆಯ ಚೀಲ ಕಂಬದ ಮೇಲೆ ಉಬ್ಬುತ್ತ ಸೊರಗುತ್ತ ಇತ್ತು. ಅರ್ಧ ಗಂಟೆಯ ಮೇಲಾಗಿರಬೇಕು, ಅವರು ಅದನ್ನೇ ನೋಡುತ್ತ ಕೂತಿದ್ದವರು, ಅವಳ ಕಡೆ ತಿರುಗದೆ ಕೇಳಿದರು.

"ಎಷ್ಟಿತ್ತು?"

"ನೂರಹದಿನಾಲ್ಕು ಸರ್."

ಅವರು ತಲೆಯಾಡಿಸಿದರು. ಒಂದು ಊರಿನ ದೂರವನ್ನು ಕೇಳಿ ತಿಳಿದುಕೊಂಡವರಂತೆ, ಹೋಗಬೇಕಾದರೆ ಎಷ್ಟು ಹೊತ್ತಾಗಬಹುದೆಂದು ಯೋಚಿಸುವವರಂತೆ, ತುಟಿ ಬಿಗಿಹಿಡಿದು ಕೂತರು. ಆಮೇಲೆ ಕೇಳಿದರು.

"ಶೂ ಸಮೇತನಾ?"

"ಶೂ ಸಮೇತ ಸರ್."

ಅವರು ಎರಡೂ ಕಾಲನ್ನು ಮುಂದಕ್ಕೆ ಚಾಚಿ ಶೂಗಳನ್ನು ನೋಡಿದರು. ಕಪ್ಪು ಬಣ್ಣದ, ಚೆನ್ನಾಗಿ ಪಾಲಿಶ್ ಮಾಡಿದ ಶೂಗಳು. ಬಗ್ಗಲಾರದವರು ಅಷ್ಟು ಚೆನ್ನಾಗಿ ಹೇಗೆ ಪಾಲಿಶ್ ಮಾಡಿಕೊಂಡರೋ, ಮನೆಯಲ್ಲಿ ಯಾರು ಮಾಡಿಕೊಟ್ಟರೋ. ಒಳ್ಳೆ ಚರ್ಮ, ಇವೇ ಒಂದು ಮೂರು ಕಿಲೋ ಇರಬಹುದು ಎಂದರು. ಅವಳೂ ನೋಡಿದಳು. ಎರಡೂ ಸೇರಿ ಒಂದು ಕಿಲೋ ಬಂದರೆ ಹೆಚ್ಚು.

"ಇರಬಹುದು ಸರ್" ಎಂದಳು.